ವಿದ್ಯುತ್ ಬೈಸಿಕಲ್ ಉದ್ಯಮ: ಸ್ಪರ್ಧೆಯ ಸ್ವರೂಪ ಮತ್ತು ವ್ಯಾಪಾರತಂತ್ರ

ವಿದ್ಯುತ್ ಬೈಸಿಕಲ್ ಎಂಬುದು ಸವಾರನ ಕಾಲ್ಬಲದೊಡನೆ ಬ್ಯಾಟರಿಯಿಂದ ನಡೆಯುವ ಚಿಕ್ಕ ಮೋಟಾರೊಂದರ ಬಲವನ್ನು ಕೂಡಿಸಿಕೊಂಡು ಸಾಗುವ ದ್ವಿಚಕ್ರ ವಾಹನ. ಇದನ್ನು ತಯಾರಿಸಿ ಮಾರುವ ಉದ್ಯಮವು ಮೇಲ್ನೋಟಕ್ಕೆ ಹಳೆಯ ಬೈಸಿಕಲ್ ಉದ್ಯಮದ ಒಂದು ಕವಲಿನಂತೆ ತೋರುವುದಾದರೂ ಅದರ ಸ್ಪರ್ಧೆಯ ಕ್ರಮವು ಬೈಸಿಕಲ್ಲಿನದೂ ಅಲ್ಲ, ಮೋಟಾರು ವಾಹನದ್ದೂ ಅಲ್ಲ. ಈ ಎರಡರ ನಡುವಣ ಗಡಿಯನ್ನು ಆಯಾ ದೇಶದ ಶಾಸನವು ಎಲ್ಲಿ ಎಳೆದಿದೆಯೋ ಆ ಗಡಿಯ ಮೇಲೆಯೇ ಅದು ಹುಟ್ಟಿ, ಗಡಿ ಸರಿದಂತೆಲ್ಲ ತಾನೂ ಸರಿದು, ಕೆಲವೆಡೆ ಕಾವಲುಗಾರನ ಕಣ್ತಪ್ಪಿಸಿ ಅದನ್ನು ದಾಟಿಯೂ ಬೆಳೆದಿದೆ. ಚೌಕಟ್ಟು, ಚಕ್ರ, ಹ್ಯಾಂಡಲ್ಲುಗಳನ್ನು ತಂದು ಜೋಡಿಸುವ ವಿದ್ಯೆ ಇಂದು ಯಾರಿಗೂ ಗುಟ್ಟಾಗಿ ಉಳಿದಿಲ್ಲವಾದ ಕಾರಣ, ಲಾಭವು ಸೈಕಲ್ಲನ್ನು ಕಟ್ಟುವವನ ಬಳಿ ಹೆಚ್ಚು ಕಾಲ ನಿಲ್ಲದೆ, ಅದರೊಳಗಿನ ಮೋಟಾರು, ಬ್ಯಾಟರಿ ಮತ್ತು ತಂತ್ರಾಂಶ ಯಾರ ಕೈಯಲ್ಲಿವೆಯೋ ಅವರ ಕಡೆಗೆ, ಇಲ್ಲವೆ ಕೆಟ್ಟುದನ್ನು ರಿಪೇರಿ ಮಾಡಿಕೊಡುವ ಅಂಗಡಿಗಳ ವಿಶ್ವಾಸವನ್ನು ಯಾರು ಗಳಿಸಿರುವರೋ ಅವರ ಕಡೆಗೆ ಹರಿದುಹೋಗುವುದು ಈ ಉದ್ಯಮದ ಎರಡನೆಯ ಲಕ್ಷಣ. ಮೂರು ದಶಕಗಳ ಏಳುಬೀಳುಗಳನ್ನು ಬಿಡಿಸಿ ನೋಡಿದಾಗ ಬಹುಪಾಲು ಈ ಎರಡು ಕಾರಣಗಳಿಗೇ ಬಂದು ಮುಟ್ಟುತ್ತವೆ.

ಸೈಕಲ್ಲಿಗೆ ವಿದ್ಯುತ್ ಮೋಟಾರನ್ನು ಹೊಂದಿಸುವ ಯೋಚನೆ ಹೊಸದಲ್ಲ. ಅಮೆರಿಕದ ಆಗ್ಡನ್ ಬೋಲ್ಟನ್ ಎಂಬಾತನು ಹಿಂಚಕ್ರದ ಹಬ್ಬಿನಲ್ಲಿಯೇ ಮೋಟಾರನ್ನು ಅಡಗಿಸಿದ ವಾಹನವೊಂದಕ್ಕೆ 1895ರಷ್ಟು ಹಿಂದೆಯೇ ಪೇಟೆಂಟು ಪಡೆದಿದ್ದನು. ಆದರೆ ಸೀಸದ ಬ್ಯಾಟರಿಯ ಹೊರೆಯೂ ಪೆಟ್ರೋಲ್ ಎಂಜಿನ್ನಿನ ಕ್ಷಿಪ್ರ ಪ್ರಗತಿಯೂ ಸೇರಿ ಆ ಯೋಚನೆಯನ್ನು ಸುಮಾರು ನೂರು ವರ್ಷಗಳ ಕಾಲ ಕುತೂಹಲದ ವಸ್ತುವಾಗಿಯೇ ಉಳಿಸಿದುವು. ಅದು ವ್ಯಾಪಾರದ ಸರಕಾಗಿ ಮಾರ್ಪಟ್ಟುದು 1993ರಲ್ಲಿ, ಜಪಾನಿನ ಯಮಾಹಾ ಸಂಸ್ಥೆಯು ‘ಪಾಸ್’ ಎಂಬ ಹೆಸರಿನ ಸೈಕಲ್ಲನ್ನು ಮಾರುಕಟ್ಟೆಗೆ ತಂದಾಗ. ಅದರ ವೈಶಿಷ್ಟ್ಯವಿದ್ದುದು ಮೋಟಾರಿನ ಶಕ್ತಿಯಲ್ಲಲ್ಲ, ಮೋಟಾರಿನ ಸಂಯಮದಲ್ಲಿ. ಸವಾರನು ಪೆಡಲನ್ನು ಎಷ್ಟು ಒತ್ತಿ ತುಳಿಯುತ್ತಿರುವನೆಂಬುದನ್ನು ಕ್ರ್ಯಾಂಕಿನ ಬಳಿಯ ಸಂವೇದಕವೊಂದು ಕ್ಷಣಕ್ಷಣಕ್ಕೂ ಅಳೆಯುವುದು. ಆ ಅಳತೆಗೆ ತಕ್ಕಷ್ಟೇ ಬಲವನ್ನು ಮೋಟಾರು ತನ್ನ ಕಡೆಯಿಂದ ಸೇರಿಸುವುದು. ವೇಗವೇರಿದಂತೆ ಸಹಾಯವನ್ನು ತಾನಾಗಿಯೇ ಇಳಿಸುತ್ತ ಹೋಗಿ, ತುಳಿತ ನಿಂತೊಡನೆ ತಾನೂ ನಿಲ್ಲುವುದು. ತಾನಾಗಿ ಓಡಲಾರದ ಈ ಯಂತ್ರವನ್ನು ಮೋಟಾರು ವಾಹನವೆಂದು ಕರೆಯಲು ಜಪಾನಿನ ಕಾನೂನಿಗೆ ಎಡೆಯಿಲ್ಲದ್ದರಿಂದ ಪರವಾನಗಿಯ ತೊಡಕು ತಪ್ಪಿತು. ಮುಂದೆ ಪ್ಯಾನಸೋನಿಕ್ ಮತ್ತು ಬ್ರಿಜ್‌ಸ್ಟೋನ್ ಸಂಸ್ಥೆಗಳೂ ಇದೇ ದಾರಿ ಹಿಡಿದುವು. ಹಿಂದೆ ಮುಂದೆ ಮಕ್ಕಳನ್ನು ಕೂರಿಸಿಕೊಂಡು ಏರುದಾರಿಯಲ್ಲಿ ಶಿಶುವಿಹಾರಕ್ಕೆ ಹೋಗುವ ತಾಯಂದಿರು ಈ ಸೈಕಲ್ಲಿನ ನೆಚ್ಚಿನ ಗ್ರಾಹಕರಾದರು. ಕ್ರೀಡಾಸಕ್ತ ತರುಣರನ್ನು ಬಿಟ್ಟು ಬಸವಳಿದ ಗೃಹಿಣಿಯನ್ನು ಗ್ರಾಹಕಳೆಂದು ಕಂಡುಕೊಂಡುದು ಪ್ರಾಯಶಃ ಈ ಉದ್ಯಮದ ಅತ್ಯಂತ ವಿವೇಕದ ವ್ಯಾಪಾರನಿರ್ಣಯ.

ಅದೇ ದಶಕದಲ್ಲಿ ಅಮೆರಿಕದಲ್ಲಿ ನಡೆದುದು ಇದಕ್ಕೆ ವಿರುದ್ಧವಾದ ಕಥೆ. ಕ್ರೈಸ್ಲರ್ ಕಾರು ಕಂಪನಿಯನ್ನು ಮುಳುಗುವ ಸ್ಥಿತಿಯಿಂದ ಮೇಲೆತ್ತಿ ಖ್ಯಾತಿವೆತ್ತ ಲೀ ಇಯಕೋಕ, ನಿವೃತ್ತಿಯ ತರುವಾಯ 1997ರಲ್ಲಿ ಇವಿ ಗ್ಲೋಬಲ್ ಎಂಬ ಸಂಸ್ಥೆಯನ್ನು ಸ್ಥಾಪಿಸಿ ಸೀಸದ ಬ್ಯಾಟರಿಯ ಸೈಕಲ್ಲನ್ನು ತಮ್ಮ ಹೆಸರಿನ ಬಲದಿಂದಲೇ ಮಾರಲೆಳಸಿದರು. ಹೆಸರು ದೊಡ್ಡದಾಗಿತ್ತು, ಸೈಕಲ್ಲು ಭಾರವಾಗಿತ್ತು, ಅಮೆರಿಕದ ಗ್ರಾಹಕನಿಗಾದರೋ ಮನೆಯ ಮುಂದೆ ಕಾರು ನಿಂತಿತ್ತು; ಕೆಲವೇ ವರ್ಷಗಳಲ್ಲಿ ಆ ಸಾಹಸ ಮುಗಿಯಿತು.

ಶಾಸನದ ಗಡಿಗಳು ದೇಶದಿಂದ ದೇಶಕ್ಕೆ ಬೇರೆ. ಜಪಾನಿನಲ್ಲಿ ಗಂಟೆಗೆ 24 ಕಿಲೋಮೀಟರಿನ ವೇಗದಲ್ಲಿ ಮೋಟಾರಿನ ಸಹಾಯ ಪೂರ್ತಿ ನಿಲ್ಲಬೇಕು. ಯುರೋಪಿನ ಒಕ್ಕೂಟದಲ್ಲಿ 250 ವ್ಯಾಟ್ ಹಾಗೂ 25 ಕಿಲೋಮೀಟರ್ ಮಿತಿ, ತುಳಿದರೆ ಮಾತ್ರ ಸಹಾಯ. ಅದನ್ನು ಮೀರಿ 45 ಕಿಲೋಮೀಟರಿನವರೆಗೆ ಓಡುವುದಕ್ಕೆ ನೋಂದಣಿಫಲಕ, ವಿಮೆ, ಹೆಲ್ಮೆಟ್ಟುಗಳ ಬಂಧನ. ಅಮೆರಿಕದ ಸಂಯುಕ್ತ ಶಾಸನವು 2002ರಲ್ಲಿ 750 ವ್ಯಾಟಿನವರೆಗೂ ಗಂಟೆಗೆ 20 ಮೈಲಿಯವರೆಗೂ ಉದಾರವಾಗಿ ಬಿಟ್ಟುಕೊಟ್ಟು, ಪೆಡಲ್ ತುಳಿಯದೆ ಬರಿಯ ಥ್ರಾಟಲ್ಲಿನಿಂದ ಓಡುವುದನ್ನೂ ಸೈಕಲ್ಲೆಂದೇ ಒಪ್ಪಿತು. ಇದರ ಪರಿಣಾಮವಾಗಿ ಜಗತ್ತಿನಲ್ಲೆಲ್ಲ ಒಂದೇ ಮಾದರಿಯನ್ನು ಮಾರುವ ತಯಾರಕನು ಇಲ್ಲವೆಂದೇ ಹೇಳಬೇಕು: ಅಮೆರಿಕದ ದಪ್ಪ ಟಯರಿನ ಥ್ರಾಟಲ್ ಸೈಕಲ್ಲು ಜರ್ಮನಿಯಲ್ಲಿ ಕಾನೂನುಬಾಹಿರ; ಜರ್ಮನಿಯ ನಾಜೂಕಾದ ಸೈಕಲ್ಲು ಚೀನದ ಕಾರ್ಮಿಕನಿಗೆ ನಿಲುಕದ ಬೆಲೆಯದು.

ಸಂಖ್ಯೆಯ ದೃಷ್ಟಿಯಿಂದ ಈ ಉದ್ಯಮವೆಂದರೆ ಚೀನವೇ. ಅಲ್ಲಿನ ಮಹಾನಗರಗಳು 1990ರ ದಶಕದಿಂದ ಹೊಗೆ ಮತ್ತು ಸಂಚಾರದ ಕಾರಣದಿಂದ ಪೆಟ್ರೋಲ್ ಮೋಟಾರ್ ಸೈಕಲ್ಲುಗಳ ನೋಂದಣಿಯನ್ನು ನಿಲ್ಲಿಸುತ್ತ ಬಂದಾಗ, ಕಾರು ಕೊಳ್ಳಲಾರದ, ಬರಿಯ ಸೈಕಲ್ಲಿನಲ್ಲಿ ದೂರ ಹೋಗಲಾರದ ಕೋಟ್ಯಂತರ ಜನರ ಮುಂದೆ ಉಳಿದುದು ವಿದ್ಯುತ್ ಸೈಕಲ್ಲೊಂದೇ. 1999ರ ರಾಷ್ಟ್ರೀಯ ಮಾನಕವು ವೇಗವನ್ನು 20 ಕಿಲೋಮೀಟರಿಗೂ ತೂಕವನ್ನು 40 ಕಿಲೋಗ್ರಾಮಿಗೂ ಮೋಟಾರನ್ನು 240 ವ್ಯಾಟಿಗೂ ಮಿತಿಗೊಳಿಸಿ, ಪೆಡಲ್ ಇರತಕ್ಕದ್ದೆಂದು ವಿಧಿಸಿತು. 2003ರಲ್ಲಿ ಸಾರ್ಸ್ ವ್ಯಾಧಿ ಹಬ್ಬಿದಾಗ ಬಸ್ಸುಗಳ ನೂಕುನುಗ್ಗಲಿಗೆ ಹೆದರಿದ ಜನ ಅಂಗಡಿಗಳಿಗೆ ಮುತ್ತಿದರು. ಮರುವರ್ಷ ಜಾರಿಗೆ ಬಂದ ಸಂಚಾರ ಸುರಕ್ಷತಾ ಕಾನೂನು ಇದನ್ನು ಮೋಟಾರಿಲ್ಲದ ವಾಹನಗಳ ವರ್ಗದಲ್ಲಿ ಸೇರಿಸಿತು. ಆದರೆ ಗ್ರಾಹಕನು ಬಯಸುತ್ತಿದ್ದುದು ಸ್ಕೂಟರನ್ನು, ಶಾಸನವು ಒಪ್ಪುತ್ತಿದ್ದುದು ಸೈಕಲ್ಲನ್ನು; ಈ ಅಂತರವೇ ಚೀನದ ಸ್ಪರ್ಧೆಯ ರಣಾಂಗಣವಾಯಿತು. ತಯಾರಕನು ಸ್ಕೂಟರಿನ ಆಕಾರದ ಗಾಡಿಗೆ ಹೆಸರಿಗೊಂದು ಜೊತೆ ಪೆಡಲನ್ನು ತಗಲಿಸಿ ಕಳುಹಿಸುವನು. ಕೊಂಡವನು ಮನೆಗೆ ಹೋದೊಡನೆ ಅದನ್ನು ಕಳಚಿ ಮೂಲೆಗಿಡುವನು. ಅಂಗಡಿಯ ಮೆಕ್ಯಾನಿಕ್ಕು ಕಂಟ್ರೋಲರಿನ ಪೆಟ್ಟಿಗೆ ತೆರೆದು ವೇಗವನ್ನು ತಡೆಹಿಡಿದಿದ್ದ ಒಂದು ತಂತಿಯ ಜೋಡಣೆಯನ್ನು ಬಿಡಿಸಿಕೊಡುವನು. ಮಾನಕಕ್ಕೆ ನಿಷ್ಠನಾಗಿ ನಿಂತ ತಯಾರಕನ ಸರಕು ಮಾರಾಟವಾಗದೆ ಉಳಿಯುವಂತಿದ್ದ ಆ ವಾತಾವರಣದಲ್ಲಿ ಕಾನೂನುಪಾಲನೆಯೇ ವ್ಯಾಪಾರದೋಷವಾಗಿ ಪರಿಣಮಿಸಿದುದು ವಿಚಿತ್ರವಾದರೂ ಸತ್ಯ.

2018ರ ಪರಿಷ್ಕೃತ ಮಾನಕವು 2019ರ ಏಪ್ರಿಲ್‌ನಲ್ಲಿ ಜಾರಿಗೆ ಬಂದು ವೇಗವನ್ನು 25 ಕಿಲೋಮೀಟರಿಗೂ ತೂಕವನ್ನು 55 ಕಿಲೋಗ್ರಾಮಿಗೂ ಮೋಟಾರನ್ನು 400 ವ್ಯಾಟಿಗೂ ಏರಿಸಿತಾದರೂ ಪಾಲನೆಯನ್ನು ಕಡ್ಡಾಯಗೊಳಿಸಿತು. ಪ್ರಮಾಣಪತ್ರದ ಖರ್ಚು ತಡೆಯಲಾರದ ಸಣ್ಣ ಕಾರ್ಖಾನೆಗಳು ಮುಚ್ಚಿದುವು. ಹೊಸ ನಿಯಮಕ್ಕೆ ಹೊಂದದ ಹಳೆಯ ಗಾಡಿಗಳನ್ನು ಬದಲಿಸಬೇಕಾದ ಜನರಿಂದ ದೊಡ್ಡ ಕಾರ್ಖಾನೆಗಳಿಗೆ ಬೇಡಿಕೆ ತಾನಾಗಿ ಒದಗಿತು. ಇದಕ್ಕೆ ಮೊದಲೇ ತಿಯಾನ್‌ಜಿನ್ ನಗರದ ಐಮಾ ಮತ್ತು ವೂಷಿ ನಗರದ ಯಾದಿಯಾ ಸಂಸ್ಥೆಗಳ ನಡುವೆ ಬೆಲೆಯಿಳಿಸುವ ಕಾಳಗ ವರ್ಷಗಟ್ಟಲೆ ನಡೆದು, 2015ರ ವೇಳೆಗೆ ಯಾದಿಯಾ ಆ ಕಾಳಗದಿಂದ ಹೊರಬಂದು ತಾನು ಮೇಲ್ದರ್ಜೆಯ ಗಾಡಿಯವನೆಂದು ಸಾರಿಕೊಂಡಿತ್ತು. 2020ರಿಂದೀಚೆಗೆ ಅದು ಸ್ಕೂಟರು ಸೈಕಲ್ಲುಗಳೆರಡೂ ಸೇರಿ ವರ್ಷಕ್ಕೆ ಒಂದು ಕೋಟಿಗೂ ಮಿಗಿಲಾಗಿ ಮಾರುತ್ತಿದೆ. ಈ ಗಾಡಿಗಳಲ್ಲಿ ಬಹುಪಾಲಿನ ಪ್ರಾಣವಾದ ಸೀಸದ ಬ್ಯಾಟರಿಯ ವ್ಯಾಪಾರವಂತೂ ಇನ್ನೂ ಕೆಲವೇ ಕೈಗಳಲ್ಲಿದೆ. ಕಾರ್ಖಾನೆಗಳ ನೆರೆಹೊರೆಯ ಮಕ್ಕಳ ರಕ್ತದಲ್ಲಿ ಸೀಸದ ವಿಷ ಕಂಡುಬಂದ ಪ್ರಕರಣಗಳಾದ ಮೇಲೆ 2011ರಲ್ಲಿ ಸರ್ಕಾರವು ಬಹುಸಂಖ್ಯೆಯ ಬ್ಯಾಟರಿ ಕಾರ್ಖಾನೆಗಳನ್ನು ನಿಲ್ಲಿಸಿತಷ್ಟೆ. ಆ ಸೋಸುವಿಕೆಯಲ್ಲಿ ಉಳಿದು ಬಲಿತವು ಜೆಜಿಯಾಂಗ್ ಪ್ರಾಂತದ ಚಾಂಗ್‌ಷಿಂಗ್ ಎಂಬ ಒಂದೇ ಜಿಲ್ಲೆಯ ತಿಯಾನ್‌ನೆಂಗ್ ಮತ್ತು ಚಾವೊವೆಯಿ ಸಂಸ್ಥೆಗಳು. ಕಠಿಣ ನಿಯಮವು ದೊಡ್ಡವನಿಗೆ ಶಿಕ್ಷೆಯಾಗದೆ ಕೋಟೆಯಾಗುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ. 2024ರ ಫೆಬ್ರವರಿಯಲ್ಲಿ ನಾನ್‌ಜಿಂಗ್ ನಗರದ ವಸತಿ ಕಟ್ಟಡವೊಂದರ ಕೆಳಗೆ ನಿಲ್ಲಿಸಿದ್ದ ಗಾಡಿಗಳಿಂದ ಎದ್ದ ಬೆಂಕಿಗೆ 15 ಜನ ಬಲಿಯಾದ ತರುವಾಯ ಮಾನಕವು ಮತ್ತೊಮ್ಮೆ ಬಿಗಿಯಾಯಿತು. ವಿಶೇಷವೇನೆಂದರೆ, 2025ರ ಸೆಪ್ಟೆಂಬರಿನಿಂದ ಜಾರಿಯಾದ ಆ ಹೊಸ ಪಾಠದಲ್ಲಿ, ಇಪ್ಪತ್ತೈದು ವರ್ಷ ಯಾರೂ ತುಳಿಯದಿದ್ದ ಪೆಡಲನ್ನು ಎಲ್ಲ ಮಾದರಿಗಳಿಗೂ ಕಡ್ಡಾಯಗೊಳಿಸುವ ಹಟವನ್ನು ಶಾಸನವೇ ಬಿಟ್ಟುಬಿಟ್ಟಿತು.

ಯುರೋಪಿನ ಸ್ಪರ್ಧೆ ಬೇರೆಯೇ ಜಾತಿಯದು. ಅಲ್ಲಿ ಗೆದ್ದುದು ಒಂದು ಸೈಕಲ್ಲನ್ನೂ ಮಾರದ ಸಂಸ್ಥೆ. ಮೋಟಾರು ಕಾರುಗಳ ಬಿಡಿಭಾಗಗಳಿಗೆ ಹೆಸರಾದ ಜರ್ಮನಿಯ ಬಾಷ್ ಸಂಸ್ಥೆಯು 2009ರಲ್ಲಿ ತನ್ನೊಳಗೇ ಒಂದು ಚಿಕ್ಕ ತಂಡವನ್ನು ಕಟ್ಟಿ, ಮರುವರ್ಷ ಫ್ರೀಡ್ರಿಕ್ಸ್‌ಹಾಫೆನ್‌ನ ಯೂರೋಬೈಕ್ ಪ್ರದರ್ಶನದಲ್ಲಿ ಕ್ರ್ಯಾಂಕಿನ ಸ್ಥಾನದಲ್ಲಿ ಕೂರುವ ಮೋಟಾರನ್ನು ತೋರಿಸಿ, 2011ರಿಂದ ಸೈಕಲ್ ತಯಾರಕರಿಗೆ ಮಾರತೊಡಗಿತು. ಅದರ ತಂತ್ರದ ತಿರುಳು ಇಷ್ಟು: ಮೋಟಾರು, ಬ್ಯಾಟರಿ, ಹ್ಯಾಂಡಲ್ಲಿನ ಮೇಲಣ ಫಲಕ ಈ ಮೂರನ್ನೂ ಒಂದೇ ಘಟಕವಾಗಿ ಕೊಡುವುದು, ಒಂದರ ಬದಲು ಇನ್ನೊಬ್ಬರದನ್ನು ಸೇರಿಸಲು ಎಡೆಗೊಡದಿರುವುದು, ಊರೂರಿನ ಸೈಕಲ್ ಅಂಗಡಿಯವನಿಗೆ ತರಬೇತಿಯನ್ನೂ ದೋಷಪತ್ತೆಯ ಉಪಕರಣವನ್ನೂ ಒದಗಿಸಿ, ಕೆಟ್ಟ ಮೋಟಾರನ್ನು ಅಂಗಡಿಯಲ್ಲಿ ಬಿಚ್ಚಿ ರಿಪೇರಿ ಮಾಡುವ ಬದಲು ಇಡಿಯಾಗಿ ಬದಲಿಸಿಕೊಡುವುದು. ಸೈಕಲ್ ತಯಾರಕನಿಗೆ ಇದರಿಂದ ಸಂಶೋಧನೆಯ ಖರ್ಚೂ ಖಾತರಿಯ ತಲೆನೋವೂ ತಪ್ಪಿದುವು. ಗ್ರಾಹಕನಿಗೆ ಚೌಕಟ್ಟಿನ ಮೇಲಿನ ಹೆಸರಿಗಿಂತ ಮೋಟಾರಿನ ಮೇಲಿನ ಹೆಸರೇ ಭರವಸೆಯ ಮುದ್ರೆಯಾಯಿತು. ಆದರೆ ಹೀಗೆ ನೂರು ಹೆಸರಿನ ಸೈಕಲ್ಲುಗಳಲ್ಲಿ ಒಂದೇ ಮೋಟಾರು ಕೂತಾಗ, ಆ ನೂರು ಹೆಸರುಗಳು ತಮ್ಮತಮ್ಮಲ್ಲಿ ಬಣ್ಣ ಮತ್ತು ಬೆಲೆಗಳಿಂದ ಮಾತ್ರ ಕಾದಾಡಬೇಕಾಗುವುದೆಂಬುದನ್ನು ತಯಾರಕರು ಬಹಳ ತಡವಾಗಿ ಕಂಡುಕೊಂಡರು. ಗೇರು ಬ್ರೇಕುಗಳ ವಿಷಯದಲ್ಲಿ ಇದೇ ದಾರಿಯಿಂದ ಹಿಂದೆ ಮೇಲುಗೈ ಪಡೆದಿದ್ದ ಜಪಾನಿನ ಶಿಮಾನೊ, ತನ್ನ ಮೋಟಾರಿನೊಡನೆ ಬೆನ್ನಟ್ಟಿ ಬಂದಿತಾದರೂ ಬಾಷ್‌ನ ಹಿಡಿತ ಸಡಿಲಲಿಲ್ಲ. ಡ್ರೋನುಗಳಿಂದ ಪ್ರಸಿದ್ಧವಾದ ಚೀನದ ಡಿಜೆಐ ಸಂಸ್ಥೆಯು 2024ರ ಯೂರೋಬೈಕ್‌ನಲ್ಲಿ ಅವಿನಾಕ್ಸ್ ಎಂಬ ಹಗುರವೂ ಅತಿ ಬಲಿಷ್ಠವೂ ಆದ ಮೋಟಾರನ್ನು ತೋರಿಸಿದಾಗ ಬೆಟ್ಟದ ಸೈಕಲ್ಲುಗಳ ವರ್ಗದಲ್ಲಿ ಮೊದಲ ಬಾರಿಗೆ ನಿಜವಾದ ಕಳವಳ ಹುಟ್ಟಿತು. ತರುವಾಯ ಎಷ್ಟು ಬಲ ಸೈಕಲ್ಲಿಗೆ ಸಲ್ಲುವುದೆಂಬ ವಾದವು ಜರ್ಮನಿಯಲ್ಲಿ ಎದ್ದು, ಗರಿಷ್ಠ ಶಕ್ತಿಗೊಂದು ಮಿತಿ ಬೇಕೆಂದು ಅಲ್ಲಿನ ಉದ್ಯಮಸಂಘವೇ ಸಲಹೆ ಮಾಡಿದುದನ್ನು ಗಮನಿಸಬೇಕು. ಗಡಿರೇಖೆಯನ್ನು ಎಲ್ಲಿ ಎಳೆಯಬೇಕೆಂಬ ಚರ್ಚೆ ಎಂದಿಗೂ ತಾಂತ್ರಿಕವಷ್ಟೇ ಆಗಿರುವುದಿಲ್ಲ.

ಯುರೋಪಿನ ತಯಾರಕರು ಹಿಡಿದ ಇನ್ನೊಂದು ಆಯುಧ ಸುಂಕ. ಚೀನದ ಸಾಮಾನ್ಯ ಸೈಕಲ್ಲಿನ ಮೇಲೆ 1993ರಿಂದಲೂ ಇದ್ದ ಪ್ರತಿಬಂಧಕ ಸುಂಕದ ಮಾದರಿಯಲ್ಲಿ, 2019ರ ಜನವರಿಯಿಂದ ವಿದ್ಯುತ್ ಸೈಕಲ್ಲಿನ ಮೇಲೂ ತಯಾರಕನಿಗೆ ತಕ್ಕಂತೆ ಶೇಕಡಾ 18.8ರಿಂದ 79.3ರವರೆಗೆ ಸುಂಕ ಬಿದ್ದಿತು. 2025ರಲ್ಲಿ ಅದನ್ನು ಮತ್ತೆ ಐದು ವರ್ಷ ಮುಂದುವರಿಸಲಾಯಿತು. ಇದರಿಂದ ಹೆಚ್ಚಿನ ಲಾಭ ಪಡೆದವರು ತೈವಾನಿನವರು. 1972ರಲ್ಲಿ ಸ್ಥಾಪಿತವಾದ ಜೈಂಟ್ ಸಂಸ್ಥೆಯು ಮೊದಲು ಅಮೆರಿಕದ ಶ್ವಿನ್ ಹೆಸರಿಗಾಗಿ ಸೈಕಲ್ಲು ಮಾಡಿಕೊಡುತ್ತಿದ್ದು, ಆ ಗಿರಾಕಿ ಚೀನದ ಅಗ್ಗದ ಕಾರ್ಖಾನೆಯತ್ತ ವಾಲಿದಾಗ ಸ್ವಂತ ಹೆಸರಿನಿಂದ ಮಾರಾಟಕ್ಕಿಳಿದು ಆತನನ್ನೇ ಮೀರಿಸಿದುದು ಕೈಗಾರಿಕಾ ಇತಿಹಾಸದಲ್ಲಿ ಪ್ರಸಿದ್ಧ. ಒಬ್ಬನೇ ಗಿರಾಕಿಯನ್ನಾಗಲಿ ಒಂದೇ ದೇಶವನ್ನಾಗಲಿ ನಂಬಬಾರದೆಂಬ ಆ ಪಾಠವನ್ನು ಅದು ಮರೆಯಲಿಲ್ಲ. ಸುಂಕದ ಗೋಡೆ ಎದ್ದಾಗ ತೈವಾನಿನಲ್ಲಿ ಉತ್ಪಾದನೆ ಹೆಚ್ಚಿಸಿ, ಹಂಗೇರಿಯಲ್ಲಿ ಹೊಸ ಕಾರ್ಖಾನೆಯನ್ನೂ ತೆರೆಯಿತು.

ಮಾರಾಟದ ದಾರಿಯನ್ನೇ ಬದಲಿಸಿ ಗೆಲ್ಲಲು ಹೊರಟವರ ಕಥೆ ಹೆಚ್ಚು ವಿಷಾದಕರವೂ ಬೋಧಪ್ರದವೂ ಆಗಿದೆ. ಸಹೋದರರಿಬ್ಬರು 2009ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಸ್ಥಾಪಿಸಿದ ವ್ಯಾನ್‌ಮೂಫ್ ಸಂಸ್ಥೆಯು ಅಂಗಡಿಗಾರನನ್ನು ಬಿಟ್ಟು ಗ್ರಾಹಕನಿಗೇ ನೇರವಾಗಿ ಮಾರುತ್ತಿತ್ತು. ಸಾಗಣೆಯಲ್ಲಿ ಸೈಕಲ್ಲುಗಳು ಜಖಮಾಗುವುದನ್ನು ಕಂಡು, ಪೆಟ್ಟಿಗೆಯ ಮೇಲೆ ದೊಡ್ಡ ಟೆಲಿವಿಷನ್ನಿನ ಚಿತ್ರವನ್ನು ಅಚ್ಚುಹಾಕಿಸಿದರೆ ಕೂಲಿಗಳು ಮೆಲ್ಲಗೆ ಇಳಿಸುವರೆಂದು ಊಹಿಸಿ, ಹಾಗೆಯೇ ಮಾಡಿ ಹಾನಿಯನ್ನು ಬಹುವಾಗಿ ತಗ್ಗಿಸಿದ ಬುದ್ಧಿವಂತರು ಇವರು. ಬ್ಯಾಟರಿ ಚೌಕಟ್ಟಿನೊಳಗೆ ಅಡಗಿರುವುದು, ಬೀಗ ಫೋನಿನಿಂದ ತೆರೆಯುವುದು, ಬಿಡಿಭಾಗಗಳೆಲ್ಲ ತಮ್ಮದೇ ಅಚ್ಚಿನವಾಗಿರುವುದು, ಇವೆಲ್ಲ ಆ ಸೈಕಲ್ಲಿನ ಸೊಬಗಿಗೆ ಕಾರಣವಾದಂತೆ ಅದರ ವಿಪತ್ತಿಗೂ ಕಾರಣವಾದುವು. ಸಾಮಾನ್ಯ ಸೈಕಲ್ ಅಂಗಡಿಯವನು ಮುಟ್ಟಲಾರದ ಸೈಕಲ್ಲು ಕೆಟ್ಟಾಗಲೆಲ್ಲ ಸಂಸ್ಥೆಯೇ ಸ್ವಂತ ಖರ್ಚಿನಿಂದ ರಿಪೇರಿ ಮಾಡಬೇಕಾಗಿ, ಮಾರಾಟ ಹೆಚ್ಚಿದಷ್ಟೂ ಹೊಣೆಯೂ ಬೆಳೆಯಿತು. 2021ರಲ್ಲಿ 12.8 ಕೋಟಿ ಡಾಲರ್ ಬಂಡವಾಳ ಕೂಡಿಸಿದ್ದ ಸಂಸ್ಥೆ 2023ರ ಜುಲೈಯಲ್ಲಿ ದಿವಾಳಿಯೆದ್ದಿತು. ಸಂಸ್ಥೆಯ ಕಂಪ್ಯೂಟರುಗಳು ನಿಂತರೆ ತಮ್ಮ ಸೈಕಲ್ಲಿನ ಬೀಗವೇ ತೆರೆಯದೆಂದು ಮಾಲೀಕರು ಗಾಬರಿಗೊಂಡಾಗ, ಪ್ರತಿಸ್ಪರ್ಧಿಯಾದ ಬ್ರಸೆಲ್ಸಿನ ಕೌಬಾಯ್ ಸಂಸ್ಥೆಯು ಅವರ ಡಿಜಿಟಲ್ ಕೀಲಿಯನ್ನು ಉಳಿಸಿಕೊಡುವ ತಂತ್ರಾಂಶವೊಂದನ್ನು ಕೆಲವೇ ದಿನಗಳಲ್ಲಿ ಬಿಡುಗಡೆ ಮಾಡಿತು. ಉಪಕಾರವೂ ಜಾಹೀರಾತೂ ಒಂದೇ ಕ್ರಿಯೆಯಲ್ಲಿ ಇಷ್ಟು ಸಲೀಸಾಗಿ ಕೂಡುವುದು ಅಪರೂಪ. ಬಾಷ್ ಕೂಡ ತನ್ನ ಯಂತ್ರವನ್ನು ಮುಚ್ಚಿಯೇ ಇಟ್ಟಿತ್ತು. ಭೇದವಿರುವುದು ಇಷ್ಟೇ: ಬಾಷ್ ಮುಚ್ಚಿದುದು ಒಂದು ಘಟಕವನ್ನು, ಉಳಿದುದನ್ನೆಲ್ಲ ಅಂಗಡಿಗಾರನ ಕೈಗೆ ಬಿಟ್ಟು, ವ್ಯಾನ್‌ಮೂಫ್ ಮುಚ್ಚಿದುದು ಇಡೀ ಸೈಕಲ್ಲನ್ನು. ಅಮೆರಿಕದಲ್ಲಿ ಅಂತರಜಾಲದ ಮೂಲಕ ಅಗ್ಗದ ಥ್ರಾಟಲ್ ಸೈಕಲ್ಲು ಮಾರಿ ಮೇಲೇರಿದ ಸಿಯಾಟಲಿನ ರ‍್ಯಾಡ್ ಪವರ್ ಸಂಸ್ಥೆಯೂ 2021ರಲ್ಲಿ 30 ಕೋಟಿ ಡಾಲರಿಗೂ ಮಿಗಿಲಾದ ಬಂಡವಾಳ ಪಡೆದು, 2023ರಲ್ಲಿ ಯುರೋಪಿನಿಂದ ಹಿಂದೆಗೆದು, 2025ರ ಕೊನೆಯಲ್ಲಿ ದಿವಾಳಿ ಕಾನೂನಿನ ಆಶ್ರಯ ಬೇಡಬೇಕಾಯಿತು.

ಇವರೆಲ್ಲರ ಪತನಕ್ಕೆ ಕೋವಿಡ್ ಕಾಲದ ಭ್ರಮೆಯೂ ಒಂದು ಕಾರಣ. 2020ರಲ್ಲಿ ಸೈಕಲ್ಲಿಗಾಗಿ ತಿಂಗಳುಗಟ್ಟಲೆ ಕಾಯುವಂತಾದಾಗ ವ್ಯಾಪಾರಿಗಳು ಒಂದೇ ಸರಕಿಗೆ ಹಲವು ಕಡೆ ಬೇಡಿಕೆ ಸಲ್ಲಿಸಿದರು. ಎರಡು ವರ್ಷಗಳಾದ ಮೇಲೆ ಅವೆಲ್ಲವೂ ಒಟ್ಟಿಗೆ ಬಂದಿಳಿದಾಗ ಕೊಳ್ಳುವವರು ಇರಲಿಲ್ಲ. ಆದರೂ ಮೂಲ ಬೇಡಿಕೆ ಬತ್ತಿತೆಂದು ಹೇಳುವಂತಿಲ್ಲ: ಜರ್ಮನಿಯಲ್ಲಿ 2023ರಲ್ಲಿ ಸುಮಾರು 21 ಲಕ್ಷ ವಿದ್ಯುತ್ ಸೈಕಲ್ಲುಗಳು ಮಾರಾಟವಾಗಿ, ಮೊದಲ ಬಾರಿಗೆ ಮಾಮೂಲು ಸೈಕಲ್ಲನ್ನು ಮೀರಿದುವು. ಇದಕ್ಕೆ ಮೋಟಾರಿನಷ್ಟೇ ಕಾರಣವಾದುದು ಒಂದು ತೆರಿಗೆಯ ನಿಯಮ. ಕಂಪನಿಯ ಕಾರಿಗೆ ಸಲ್ಲುತ್ತಿದ್ದ ತೆರಿಗೆಯ ರಿಯಾಯಿತಿಯನ್ನು 2012ರಲ್ಲಿ ಸೈಕಲ್ಲಿಗೂ ವಿಸ್ತರಿಸಿದ್ದರಿಂದ, ಫ್ರೈಬುರ್ಗಿನ ಜಾಬ್‌ರಾಡ್‌ನಂತಹ ಮಧ್ಯವರ್ತಿ ಸಂಸ್ಥೆಗಳ ಮೂಲಕ ನೌಕರರು ಸಂಬಳದಲ್ಲಿ ತಿಂಗಳ ಕಂತನ್ನು ಮುರಿಸಿಕೊಂಡು ದುಬಾರಿ ಸೈಕಲ್ಲನ್ನು ಪಡೆಯತೊಡಗಿದರು.

ಬ್ಯಾಟರಿಯ ಬೆಂಕಿಯು ಈಚಿನ ಸ್ಪರ್ಧೆಗೆ ಹೊಸ ಮುಖ ಕೊಟ್ಟಿದೆ. ನ್ಯೂಯಾರ್ಕಿನಲ್ಲಿ 2023ರಲ್ಲಿ ಲಿಥಿಯಂ ಬ್ಯಾಟರಿಗಳ ಬೆಂಕಿಗೆ 18 ಜನ ಸತ್ತರು. ಸುರಕ್ಷತೆಯ ಪ್ರಮಾಣಪತ್ರವಿಲ್ಲದ ಸೈಕಲ್ಲನ್ನು ಮಾರಬಾರದೆಂದು ಆ ನಗರವು ಅದೇ ವರ್ಷ ನಿಯಮ ಮಾಡಿತು. ಪ್ರಮಾಣಪತ್ರವುಳ್ಳ ಮೋಟಾರು-ಬ್ಯಾಟರಿಗಳ ದೊಡ್ಡ ಸರಬರಾಜುದಾರರಿಗೆ ಇದು ಅನುಕೂಲವಾಯಿತೆಂದು ಬೇರೆ ಹೇಳಬೇಕಾಗಿಲ್ಲ. ಯುರೋಪಿನ 2023ರ ಬ್ಯಾಟರಿ ನಿಯಮವಾದರೋ ಎದುರು ದಿಕ್ಕಿಗೆ ನೋಡುತ್ತದೆ: 2027ರ ಫೆಬ್ರವರಿಯಿಂದ ಇಂತಹ ಲಘು ವಾಹನಗಳ ಬ್ಯಾಟರಿಯನ್ನು, ಅದರೊಳಗಿನ ಬಿಡಿ ಕೋಶಗಳನ್ನೂ, ಸ್ವತಂತ್ರ ತಂತ್ರಜ್ಞನು ಬದಲಿಸುವಂತಿರಬೇಕೆಂದು ಅದು ವಿಧಿಸುವುದರಿಂದ ಮುಚ್ಚಿದ ಪೆಟ್ಟಿಗೆಯ ವ್ಯಾಪಾರಕ್ಕೆ ತುಸು ಬಿರುಕು ಬೀಳಲಿದೆ.

ಭಾರತದಲ್ಲಿ ಸೈಕಲ್ ಉದ್ಯಮದ ನೆಲೆ ಲೂಧಿಯಾನ. ಅಲ್ಲಿನ ಹೀರೋ ಸೈಕಲ್ಸ್ ಲೆಕ್ಟ್ರೋ ಎಂಬ ಹೆಸರಿನಿಂದ ವಿದ್ಯುತ್ ಸೈಕಲ್ಲುಗಳನ್ನು ಹೊರತಂದು, 2019ರಲ್ಲಿ ಯಮಾಹಾ ಮೋಟಾರಿನ ದುಬಾರಿ ಮಾದರಿಯೊಂದನ್ನೂ ಪ್ರಯೋಗಿಸಿತು. ಪುಣೆಯ ಇಮೋಟೊರಾಡ್ 2020ರಿಂದ ಕಣದಲ್ಲಿದೆ. ಕೇಂದ್ರದ ಮೋಟಾರು ವಾಹನ ನಿಯಮಗಳು 250 ವ್ಯಾಟಿಗಿಂತ ಕಡಮೆ ಶಕ್ತಿಯ, 25 ಕಿಲೋಮೀಟರಿಗಿಂತ ಕಡಮೆ ವೇಗದ, ಬ್ಯಾಟರಿ ಬಿಟ್ಟು 60 ಕಿಲೋಗ್ರಾಮ್ ಮೀರದ ಗಾಡಿಗೆ ನೋಂದಣಿಯನ್ನೂ ಪರವಾನಗಿಯನ್ನೂ ಕೇಳುವುದಿಲ್ಲ. ಆದರೆ ವಿದ್ಯುತ್ ಸ್ಕೂಟರುಗಳಿಗೆ ದೊರೆತ ಕೇಂದ್ರದ ಸಹಾಯಧನ ಸೈಕಲ್ಲಿಗೆ ದೊರೆಯಲಿಲ್ಲ. ಇನ್ನಷ್ಟು ಹಣ ಸೇರಿಸಿದರೆ ಸ್ಕೂಟರೇ ಬರುವಾಗ ಸೈಕಲ್ಲಿಗೆ ಮೂವತ್ತು ಸಾವಿರ ತೆರಲು ಮಧ್ಯಮವರ್ಗದವನು ಹಿಂದೆಮುಂದೆ ನೋಡುವುದು ಸಹಜ. ಇಲ್ಲಿಯ ಗಡಿರೇಖೆಯನ್ನು ಜಾಣತನದಿಂದ ಬಳಸಿಕೊಂಡುದು ಬೆಂಗಳೂರಿನಲ್ಲಿ 2017ರಲ್ಲಿ ಆರಂಭವಾದ ಯುಲು. ಪೆಡಲಿಲ್ಲದ, ಆದರೆ ಮೇಲಣ ಮಿತಿಯೊಳಗೇ ನಿಲ್ಲುವ ಅದರ ಪುಟ್ಟ ಗಾಡಿಗಳು ಮೊದಲು ಮೆಟ್ರೋ ನಿಲ್ದಾಣದಿಂದ ಕಚೇರಿಗೆ ಹೋಗುವವರಿಗೆಂದು ಇಳಿದುವು. ಕಚೇರಿಗಳು ಮುಚ್ಚಿದ ಕೋವಿಡ್ ದಿನಗಳಾದ ಮೇಲೆ, ಊಟ ದಿನಸಿಗಳನ್ನು ಮನೆಬಾಗಿಲಿಗೆ ಮುಟ್ಟಿಸುವ ಹುಡುಗರು ಅವುಗಳ ಮುಖ್ಯ ಗಿರಾಕಿಗಳಾದರು. ಲೈಸೆನ್ಸಿಲ್ಲದೆ ಊರಿಗೆ ಹೊಸದಾಗಿ ಬಂದ ತರುಣನು ಮುಂಗಡದ ಸಾಲವಿಲ್ಲದೆ ಗಾಡಿಯನ್ನು ಬಾಡಿಗೆಗೆ ಹಿಡಿದು, ಚಾರ್ಜು ಮುಗಿದಾಗ ಹತ್ತಿರದ ಕೇಂದ್ರದಲ್ಲಿ ಬರಿದಾದ ಬ್ಯಾಟರಿ ಕೊಟ್ಟು ತುಂಬಿದ್ದನ್ನು ಹಾಕಿಸಿಕೊಂಡು ಅಂದೇ ದುಡಿಮೆಗೆ ತೊಡಗಬಹುದು. ಗಾಡಿಯ ತಯಾರಿಕೆಯನ್ನು ಬಜಾಜ್‌ಗೆ ಬಿಟ್ಟುಕೊಟ್ಟ ಯುಲು, ಬ್ಯಾಟರಿ ಬದಲಿಸುವ ಈ ಜಾಲವನ್ನು ಮಾತ್ರ 2022ರಲ್ಲಿ ಕೆನಡಾದ ಮ್ಯಾಗ್ನಾ ಸಂಸ್ಥೆಯೊಡನೆ ಕೂಡಿ ಯುಮಾ ಎಂಬ ಪ್ರತ್ಯೇಕ ಕಂಪನಿಯಾಗಿ ಕಟ್ಟಿ, ಇತರ ತಯಾರಕರ ವಾಹನಗಳಿಗೂ ತೆರೆದಿರಿಸಿತು.